ಚುಕ್ಕಿಯ ಸ್ಲೇಟಿನ ಮೇಲೆ ನಾನು ಎಳೆದ ಗೆರೆ

ನಮ್ಮ ಅಕ್ಕನನ್ನು ಲಾಯದಲ್ಲಿ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಎಲ್ಲರಿಗೂ ಅವಳು ಕಿವಿಯಕ್ಕ. ಬೆಳಿಗ್ಗೆ ಆರಕ್ಕೆ ಬಂದವಳೇ ಸವಾರಿ ಶಾಲೆಯ ಹನ್ನೊಂದು ಕುದುರೆಗಳ ಹೊಟ್ಟೆಗೂ ಕಿವಿ ಹಚ್ಚುತ್ತಾಳೆ, ಎಡಕ್ಕೊಮ್ಮೆ, ಬಲಕ್ಕೊಮ್ಮೆ. ಒಳಗೆ ಗುಳುಗುಳು, ಗುಡುಗುಡು ಅಂತ ಸದ್ದು ಕೇಳಿಸಬೇಕು. ಕೇಳಿಸಿದ ಮೇಲೆಯೇ ಅವಳ ಮುಖ ಸಡಿಲವಾಗುವುದು, ಆಮೇಲೆಯೇ ಟೀ. ಮನೆಯಲ್ಲೂ ಇದೇ ಕಥೆ. ಮಗಳು ಹೊಟ್ಟೆನೋವು ಅಂದರೆ ಸಾಕು, ಮಾತ್ರೆ ಹುಡುಕುವ ಮೊದಲು ಇವಳ ಕಿವಿ ಅವಳ ಹೊಟ್ಟೆಯ ಮೇಲಿರುತ್ತದೆ. ನಮ್ಮ ಭಾವ ದರ್ಜಿ, ಬಾಯಲ್ಲಿ ಸೂಜಿ ಕಚ್ಚಿಕೊಂಡೇ ತಮಾಷೆ ಮಾಡುವ ಆಸಾಮಿ. "ಮೂವತ್ತು ವರ್ಷ ಸಂಸಾರ ಮಾಡಿದೀನಿ, ನಾನು ಹೇಳೋದನ್ನ ಒಂದು ದಿನ ಇಷ್ಟು ಗಮನ ಇಟ್ಟು ಕೇಳಿಲ್ಲ ಇವಳು," ಅನ್ನುತ್ತಾರೆ.

ನಗುವವರು ನಗಲಿ. ಅಕ್ಕನ ಆ ಕಿವಿ ಬಂದದ್ದು ಹೆದರಿಕೆಯಿಂದ.

ಅವಳು ಲಾಯಕ್ಕೆ ಸೇರಿದಾಗ ಹತ್ತೊಂಬತ್ತು ವರ್ಷ. ಕಂಬಳಿ ಒಗೆಯುವ ಕೆಲಸ. ಎರಡನೆಯ ವರ್ಷ ಹಂಡ ಅಂತ ಒಂದು ಮಚ್ಚೆ ಮಚ್ಚೆ ಕುದುರೆಯನ್ನು ಅವಳ ಕೈಗೆ ಕೊಟ್ಟರು. ಒಂದು ಮಧ್ಯಾಹ್ನ ಅದು ಮಲಗಿತ್ತು. ಪಾಪ, ಸುಸ್ತಾಗಿದೆ ಅಂತ ಇವಳು ಸದ್ದು ಮಾಡದೆ ಬಾಗಿಲು ಮುಂದೆ ಮಾಡಿ ಬಂದಳು. ಲಾಯದ ಹಳೆಯ ಮೇಸ್ತ್ರಿ ಬಂದು, "ಇವತ್ತು ಲದ್ದಿ ಹಾಕಿತ್ತಾ?" ಅಂತ ಕೇಳಿದರು. "ಹಾಕಿರಬೇಕು," ಅಂದಳು. ಹಾಕಿರಲಿಲ್ಲ. ಹೊಟ್ಟೆಶೂಲೆ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಒಳಗೆ ಹೋದದ್ದು ಹಿಂದಿನಿಂದಲೇ ಹೊರಬರಬೇಕು, ಕಟ್ಟಿಕೊಂಡರೆ ಜೀವಕ್ಕೇ ಬಂತು. ಹಂಡ ಅದೇ ಸಂಜೆ ಹೋಯಿತು, ಇವಳ ಕಣ್ಣೆದುರೇ, ಗೋಡೆಗೆ ತಲೆ ಚಚ್ಚಿಕೊಂಡು.

ಮೇಸ್ತ್ರಿ ಹೋದ ಮೇಲೆ ಲಾಯ ಅಕ್ಕನ ಕೈಗೆ ಬಂತು. ಅವಳು ಮಾಡಿದ ಮೊದಲ ಕೆಲಸವೆಂದರೆ ಪ್ರತಿ ಕುದುರೆಯ ಬಾಗಿಲಿಗೂ ಒಂದೊಂದು ಸ್ಲೇಟು ತೂಗುಹಾಕಿದ್ದು. ಕುದುರೆ ಲದ್ದಿ ಹಾಕಿದಾಗಲೆಲ್ಲ ಸೀಮೆಸುಣ್ಣದಲ್ಲಿ ಒಂದು ಗೆರೆ. ಷರತ್ತು ಒಂದೇ: ಬೀಳುವುದನ್ನು ನೋಡಿದವರೇ ಗೆರೆ ಎಳೆಯಬೇಕು. ನೆಲದ ಮೇಲೆ ಬಿದ್ದಿದ್ದನ್ನು ನೋಡಿ ಎಳೆಯುವ ಹಾಗಿಲ್ಲ. ಕೆಲಸಕ್ಕೆ ಸೇರಿದ ಹೊಸಬರು ಮೊದಲ ವಾರ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ನಾನು ಬಾಯಿ ಬಿಟ್ಟೇ ನಕ್ಕಿದ್ದೆ. "ಕುದುರೆ ಹಿಂದೆ ಕೂತು ಕಾಯೋದೂ ಒಂದು ಕೆಲಸಾನಾ?" ಅಂತ.

ನನ್ನ ವಿಷಯ ಹೇಳಿಬಿಡುತ್ತೇನೆ. ನನಗೆ ಮೂಗಿನ ತುದಿಯಲ್ಲೇ ಕೋಪ. ಮೂರು ಕೆಲಸ ಬಿಟ್ಟು, ನಾಲ್ಕನೆಯದಕ್ಕೆ ಅಕ್ಕನೇ ಕರೆದುಕೊಂಡು ಬಂದು ಲಾಯಕ್ಕೆ ಸೇರಿಸಿದ್ದಳು. ಎರಡು ವರ್ಷದಲ್ಲಿ ಕುದುರೆಗಳೆಂದರೆ ನನಗೆ ಪ್ರಾಣವಾಗಿತ್ತು. ಅದರಲ್ಲೂ ಚುಕ್ಕಿ. ಹಣೆಯ ಮೇಲೆ ಬಿಳಿ ಬೊಟ್ಟಿರುವ ಕಂದು ಹೆಣ್ಣುಕುದುರೆ. ನನ್ನ ಹೆಜ್ಜೆ ಸದ್ದಿಗೇ ಅರ್ಧ ಬಾಗಿಲ ಮೇಲಿಂದ ಕತ್ತು ಚಾಚಿ ನನ್ನ ಜೇಬಿಗೆ ಮೂತಿ ಹಾಕುತ್ತಿತ್ತು. ಇವಳನ್ನು ನನ್ನಷ್ಟು ಬಲ್ಲವರು ಯಾರೂ ಇಲ್ಲ ಅಂತ ನನಗೊಂದು ಜಂಬ. ಅಕ್ಕನಿಗಿಂತಲೂ, ಅಂತ ಒಳಗೊಳಗೇ.

ಅವತ್ತು ಸವಾರಿ ಶಾಲೆಗೆ ವಾರದ ರಜೆ, ಲಾಯದಲ್ಲಿ ಅಕ್ಕ, ನಾನು ಇಬ್ಬರೇ. ಅಕ್ಕನಿಗೆ ಕಣ್ಣಾಸ್ಪತ್ರೆಗೆ ಹೋಗುವುದಿತ್ತು. ಎರಡು ಸಲ ತಪ್ಪಿಸಿದ್ದಳು, ಈ ಸಲ ಭಾವ ರೇಗಿದ್ದರು. ಆದರೂ ಬೆಳಿಗ್ಗೆ ಲಾಯಕ್ಕೆ ಬಂದೇ ಬಂದಳು. ಚುಕ್ಕಿಯ ಕೋಣೆಯಲ್ಲಿ ಬಗ್ಗಿ ಹುಲ್ಲುಹಾಸು ಕೆದಕಿದಳು.

"ರಾತ್ರಿಯಿಡೀ ಎರಡೇ ಸಲ ಹಾಕಿದೆ ಕಣೋ. ಅದೂ ಒಣಕಲು. ನಾನು ಇವತ್ತು ಹೋಗಲ್ಲ."

"ಅಕ್ಕಾ, ಹೋಗ್ತೀಯಾ ಇಲ್ವಾ? ಭಾವ ನನ್ನ ತಲೆ ತಿಂತಾರೆ. ನಾನೇನು ನಿನ್ನೆ ಮೊನ್ನೆ ಬಂದವನಾ?"

"ಹೊಟ್ಟೆ ಸದ್ದೇನೋ ಇದೆ. ಕಮ್ಮಿ ಇದೆ ಅಷ್ಟೆ." ಅವಳು ಇನ್ನೊಮ್ಮೆ ಕಿವಿ ಹಚ್ಚಿದಳು. "ನೀರು ಕುಡಿಯುತ್ತಾ ನೋಡು. ಲದ್ದಿ ಬೀಳೋವರೆಗೂ ಅವಳನ್ನ ಬಿಟ್ಟು ಆಚೀಚೆ ಹೋಗಬೇಡ. ಬಿದ್ದ ತಕ್ಷಣ ನನಗೆ ಫೋನ್ ಮಾಡು. ಹತ್ತು ಗಂಟೆವರೆಗೂ ಬೀಳಲಿಲ್ಲ ಅಂದ್ರೆ ಡಾಕ್ಟ್ರಿಗೆ ಮಾಡು."

"ಆಯ್ತು ತಾಯಿ, ಕಣ್ಣಲ್ಲಿ ಎಣ್ಣೆ ಬಿಟ್ಕೊಂಡು ಕಾಯ್ತೀನಿ. ನೀನು ಹೋಗಿ ಔಷಧಿ ಬಿಡಿಸ್ಕೊಂಡು ಬಾ."

ಹೋದಳು. ನಾನು ಚುಕ್ಕಿಯನ್ನು ಮರಳಿನ ಅಂಗಳಕ್ಕೆ ಬಿಟ್ಟೆ. ಪಕ್ಕದ ಕೋಣೆಯ ಮುದಿ ಕುದುರೆಗೆ ಅಜ್ಜ ಅಂತ ಹೆಸರು. ಅದರ ಕೋಣೆಯ ನೆಲ ತೊಳೆಯಬೇಕಿತ್ತು. ತೊಳೆದು ಒಣಗುವ ತನಕ ಅಜ್ಜನನ್ನು ಚುಕ್ಕಿಯ ಕೋಣೆಯಲ್ಲಿ ನಿಲ್ಲಿಸಿದೆ. ದಿನಾ ಮಾಡುವ ಕೆಲಸ, ಕೈಗೆ ಅಭ್ಯಾಸವಾದದ್ದು, ತಲೆಗೆ ಗೊತ್ತೇ ಆಗುವುದಿಲ್ಲ. ಅರ್ಧ ಗಂಟೆ ಬಿಟ್ಟು ಅಜ್ಜನನ್ನು ವಾಪಸು ಕಟ್ಟಿ, ಚುಕ್ಕಿಯನ್ನು ಒಳಗೆ ತಂದೆ. ಅಷ್ಟರಲ್ಲಿ ಮೇವಿನ ಗಾಡಿ ಬಂತು. ಮೂಟೆ ಇಳಿಸುವ ವಿಷಯಕ್ಕೆ ಗಾಡಿಯವನ ಜೊತೆ ಒಂದು ಸುತ್ತು ಜಗಳವೂ ಆಯಿತು. ಮುಗಿಸಿ ಬಂದಾಗ ಹತ್ತು ಗಂಟೆ.

ಚುಕ್ಕಿಯ ಕೋಣೆಯ ಮೂಲೆಯಲ್ಲಿ ಲದ್ದಿ ಬಿದ್ದಿತ್ತು. ಹಸಿ ಹಸಿ.

ಅಬ್ಬಾ, ಅಂದುಕೊಂಡೆ. ಸೀಮೆಸುಣ್ಣ ತೆಗೆದು ಸ್ಲೇಟಿನ ಮೇಲೆ ಗೆರೆ ಎಳೆದೆ. ಅಕ್ಕನಿಗೆ ಫೋನ್ ಮಾಡಿ, "ಹಾಕ್ತು ಅಕ್ಕಾ, ಹಾಕ್ತು," ಅಂದೆ. ಆ ಕಡೆಯಿಂದ ಅವಳು ಉಸಿರು ಬಿಟ್ಟದ್ದು ಕೇಳಿಸಿತು. ಅಜ್ಜ ಅಲ್ಲಿ ನಿಂತಿದ್ದದ್ದು ಆ ಹೊತ್ತಿಗೆ ನನಗೆ ನಿಜವಾಗಿಯೂ ನೆನಪಿರಲಿಲ್ಲ. ಅದನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಆದರೆ ಬೀಳುವುದನ್ನು ನಾನು ನೋಡಿರಲಿಲ್ಲ. ಅದೂ ನನಗೆ ಗೊತ್ತಿತ್ತು.

ಚುಕ್ಕಿ ಕಾಳು ಮುಟ್ಟಿರಲಿಲ್ಲ. ಬಕೆಟ್ಟಿನ ನೀರು ತುಂಬಿದ್ದು ತುಂಬಿದ ಹಾಗೇ ಇತ್ತು. ಒಳ್ಳೆಯದೇ ಆಯಿತು, ಮತ್ತೆ ಹೊರುವ ಕೆಲಸ ತಪ್ಪಿತು ಅಂದುಕೊಂಡೆನಲ್ಲ, ನನ್ನಂಥ ಪೆದ್ದ ಯಾರಿದ್ದಾರೆ! ಸ್ವಲ್ಪ ಹೊತ್ತಿಗೆ ಅವಳು ಮೇಲ್ದುಟಿಯನ್ನು ಮೇಲಕ್ಕೆ ಮಡಚಿ ಹಲ್ಲು ಕಿರಿದಳು. "ಏನೇ, ನಗ್ತಿದೀಯಾ?" ಅಂದೆ. ಕತ್ತು ತಿರುಗಿಸಿ ತನ್ನ ಹೊಟ್ಟೆಯನ್ನೇ ನೋಡಿಕೊಂಡಳು. ಮತ್ತೆ ನೋಡಿಕೊಂಡಳು. ಮುಂಗಾಲಿನಿಂದ ನೆಲ ಕೆರೆದಳು. ಹಿಂಗಾಲನ್ನು ಎತ್ತಿ ಹೊಟ್ಟೆಗೆ ಒದ್ದುಕೊಂಡಳು. ನೊಣ ಇರಬೇಕು ಅಂತ ಬಟ್ಟೆ ಬೀಸಿದೆ. ಒಂದು ನೊಣವೂ ಇರಲಿಲ್ಲ.

ಆಮೇಲೆ ಅವಳು ಧಪ್ಪೆಂದು ಮಲಗಿದಳು. ಎದ್ದಳು. ಸುತ್ತು ಹಾಕಿ ಮತ್ತೆ ಮಲಗಿದಳು. ಈ ಸಲ ನರಳಿದಳು. ಕುದುರೆ ನರಳುವುದನ್ನು ನಾನು ಅದೇ ಮೊದಲು ಕೇಳಿದ್ದು. ಮನುಷ್ಯರು ನರಳಿದ ಹಾಗೆಯೇ ಇತ್ತು. ಹತ್ತಿರ ಹೋಗಿ ಕತ್ತು ಮುಟ್ಟಿದರೆ ಅಂಗೈಯೆಲ್ಲ ಒದ್ದೆ. ಬೆವರುತ್ತಿದ್ದಳು. ಗಡಿಯಾರ ಹನ್ನೊಂದು ತೋರಿಸುತ್ತಿತ್ತು.

ಕುದುರೆ ಡಾಕ್ಟರಿಗೆ ಫೋನ್ ಮಾಡಿದೆ. ಅವರು ಒಂದೂವರೆ ಗಂಟೆ ದೂರದ ಹಸುವಿನ ಫಾರ್ಮಿನಲ್ಲಿದ್ದರು.

"ಇಲ್ಲಿ ಕರು ಅಡ್ಡ ಬಂದಿದೆ, ಕೈ ಬಿಟ್ಟು ಬರೋ ಹಾಗಿಲ್ಲ," ಅಂದರು. "ಅದಕ್ಕೆ ಲದ್ದಿ ಆಗಿದೆಯಾ?"

"ಆಗಿದೆ ಡಾಕ್ಟ್ರೇ. ಈಗೊಂದು ಗಂಟೆ ಹಿಂದೆ."

"ನೀವೇ ನೋಡಿದ್ರಾ?"

ನೋಡಿಲ್ಲ ಅನ್ನಬಹುದಿತ್ತು. ಅಂದರೆ, ಮತ್ತೆ ಎಲ್ಲಿ ಹೋಗಿದ್ದಿರಿ ಅಂತ ಕೇಳುತ್ತಾರೆ. ಸ್ಲೇಟಿನ ಮೇಲಿನ ಗೆರೆ ಬೇರೆ ನನ್ನನ್ನೇ ನೋಡುತ್ತಿತ್ತು.

"ನೋಡಿದೆ," ಅಂದೆ.

"ಹಾಗಾದ್ರೆ ದಾರಿ ತೆರೆದಿದೆ. ಗಾಳಿ ತುಂಬಿಕೊಂಡಿರಬಹುದು. ಮೇವೆಲ್ಲ ತೆಗೆದುಬಿಡಿ. ಹೊರಳಾಡೋಕೆ ಹೋದ್ರೆ ಎಬ್ಬಿಸಿ ನಿಧಾನಕ್ಕೆ ನಡೆಸಿ, ಸುಸ್ತು ಮಾಡಬೇಡಿ. ನಿಮ್ಮಷ್ಟಕ್ಕೆ ಯಾವ ನೋವಿನ ಔಷಧಿನೂ ಕೊಡಬೇಡಿ. ಒಂದು ಗಂಟೆ ಬಿಟ್ಟು ಫೋನ್ ಮಾಡಿ."

ನಡೆಸಿದೆ. ಅಂಗಳದಲ್ಲಿ ಹೋಗುತ್ತ ಬರುತ್ತ, ಹೋಗುತ್ತ ಬರುತ್ತ. ಹತ್ತು ಹೆಜ್ಜೆಗೊಮ್ಮೆ ಅವಳ ಮಂಡಿ ಕುಸಿಯುತ್ತಿತ್ತು. "ಬೇಡ ಕಣೇ, ಬೇಡ," ಅಂತ ಹಗ್ಗ ಜಗ್ಗುತ್ತಿದ್ದೆ. ಮೂಗಿನ ಹೊಳ್ಳೆಗಳು ದೊಡ್ಡದಾಗಿ ಅರಳಿದ್ದವು. ಕಣ್ಣು ನನ್ನನ್ನು ನೋಡುತ್ತಿರಲಿಲ್ಲ, ಎಲ್ಲೋ ಒಳಗೆ ನೋಡುತ್ತಿತ್ತು. ಅಕ್ಕನಿಗೆ ಫೋನ್ ಮಾಡಿದರೆ ಎತ್ತಲಿಲ್ಲ, ಆಸ್ಪತ್ರೆಯೊಳಗೆ ಆರಿಸಿಟ್ಟಿದ್ದಳು.

ಹನ್ನೆರಡಕ್ಕೆ ಅಕ್ಕನೇ ಬಂದಳು. ಕಣ್ಣಿಗೆ ದೊಡ್ಡ ಕಪ್ಪು ಕನ್ನಡಕ. ಬೇರೆ ದಿನವಾಗಿದ್ದರೆ ಸಿನಿಮಾ ನಟಿ ಅಂತ ರೇಗಿಸುತ್ತಿದ್ದೆ. ಕಣ್ಣಿಗೆ ಬಿಟ್ಟ ಔಷಧಿಗೆ ಹತ್ತಿರದ್ದೆಲ್ಲ ಮಂಜು ಮಂಜು, ಸಂಜೆಯ ತನಕ ಸರಿಯಾಗಿ ಕಾಣುವುದಿಲ್ಲ ಅಂದಿದ್ದರಂತೆ. ಗೇಟಿನಲ್ಲೇ ನಿಂತು ಕೇಳಿದಳು:

"ಯಾಕೆ ನಡೆಸ್ತಿದೀಯ? ಚುಕ್ಕಿ ಹೆಜ್ಜೆ ಅಲ್ವಾ ಅದು? ಯಾಕೆ ಹಾಗೆ ಎಳೀತಿದಾಳೆ?"

ಹೇಳಿದೆ. ಕೈಚೀಲ ಅಲ್ಲೇ ಬಿಸಾಕಿ, ಗೋಡೆ ಹಿಡಿದುಕೊಂಡು ಓಡಿ ಬಂದಳು. ಕುದುರೆಯ ಎಡಪಕ್ಕೆಗೆ ಕಿವಿ ಒತ್ತಿದಳು. ಬಲಕ್ಕೆ ಬಂದಳು. ಮತ್ತೆ ಎಡಕ್ಕೆ. ಕೆಳಗೆ, ಮೇಲೆ.

"ಏನೂ ಇಲ್ಲ. ಒಂದು ಹನಿ ಸದ್ದಿಲ್ಲ ಕಣೋ. ಸ್ಲೇಟಲ್ಲಿ ಎಷ್ಟಿದೆ?"

"ಒಂದು."

"ಬೀಳೋದನ್ನ ನೀನೇ ನೋಡಿದ್ಯಾ?"

"ನೋಡಿದೆ! ಹಾಕ್ತು ಅಂತ ಫೋನಲ್ಲೇ ಹೇಳಿದ್ನಲ್ಲ! ಎಷ್ಟು ಸಲ ಹೇಳ್ಬೇಕು ನಿಂಗೆ?"

ರೇಗಿದೆ. ಹೆದರಿಕೆಗೆ ರೇಗಿದೆ. ಅವಳು ನಂಬಿದಳು. ನಂಬಿದ್ದರಿಂದಲೇ ಅವಳಿಗೆ ದಿಕ್ಕು ತೋಚಲಿಲ್ಲ. "ಹತ್ತು ಗಂಟೆಗೆ ಲದ್ದಿ ಹಾಕಿದ ಹೊಟ್ಟೆ ಹನ್ನೆರಡಕ್ಕೆ ಹೀಗೆ ಸತ್ತ ಹಾಗೆ ಇರುತ್ತಾ? ಹೇಗೆ? ಹೇಗಿರುತ್ತೆ?" ಅಂತ ತನ್ನಷ್ಟಕ್ಕೇ ಅನ್ನುತ್ತ ಕೈ ಹಿಸುಕಿಕೊಂಡಳು. ಆಮೇಲೆ, "ಅದನ್ನ ಎಸೆದ್ಯಾ? ಲದ್ದೀನ?" ಅಂದಳು.

ಎಸೆದಿರಲಿಲ್ಲ. ಚುಕ್ಕಿಯ ಕೋಣೆಗೆ ಹೋಗಿ, ಮೂಲೆಯಲ್ಲಿ ಮಂಡಿಯೂರಿ, ಕಾಣದ ಕಣ್ಣಿನಲ್ಲಿ ತಡವರಿಸಿ ಲದ್ದಿಯನ್ನು ಕೈಗೆತ್ತಿಕೊಂಡಳು. ಎರಡು ಅಂಗೈಗಳ ನಡುವೆ ಒಡೆದಳು. ಬೆರಳಲ್ಲಿ ಎಳೆ ಎಳೆಯಾಗಿ ಬಿಡಿಸಿದಳು. ಬೆರಳುಗಳು ನಿಂತುಬಿಟ್ಟವು.

"ಇದು ಅಜ್ಜಂದು," ಅಂದಳು. "ಉದ್ದುದ್ದ ಎಳೆ. ಹಲ್ಲಿಲ್ಲದ ಬಾಯಿಂದ ಅಗಿದಿದ್ದು. ಚುಕ್ಕಿ ಹುಲ್ಲನ್ನ ನುಣ್ಣಗೆ ಅಗೀತಾಳೆ. ಇದು ಚುಕ್ಕೀದಲ್ಲ."

ಆಗ ನನಗೆ ನೆನಪಾಯಿತು. ತೊಳೆದ ನೆಲ, ಅಜ್ಜ, ಎಲ್ಲವೂ.

ಅಕ್ಕ ನನ್ನ ಕಡೆ ಮುಖ ಎತ್ತಿದಳು. ಕಪ್ಪು ಗಾಜಿನ ಹಿಂದೆ ಅವಳ ಕಣ್ಣು ನನಗೆ ಕಾಣಲಿಲ್ಲ. ಎದ್ದು ಬಂದು, ತಡಕಿ ಸ್ಲೇಟು ಹುಡುಕಿ, ಆ ಗೆರೆಯನ್ನು ಹೆಬ್ಬೆರಳಿನಿಂದ ಒರೆಸಿದಳು. ಆಮೇಲೆ ಕೈ ತೊಳೆದುಕೊಂಡು ಚುಕ್ಕಿಯ ದವಡೆಯ ಕೆಳಗೆ ಎರಡು ಬೆರಳಿಟ್ಟಳು.

"ಗಡಿಯಾರ ನೋಡು. ಶುರು ಅಂದಾಗ ಶುರು, ಒಂದು ನಿಮಿಷ ಆದಾಗ ಸಾಕು ಅನ್ನು. ಅಷ್ಟಾದ್ರೂ ಸರಿಯಾಗಿ ಮಾಡು."

ನಾಡಿ ಎಪ್ಪತ್ತೆರಡು. ಸುಮ್ಮನೆ ನಿಂತ ಕುದುರೆಗೆ ನಲವತ್ತರ ಆಸುಪಾಸಿನಲ್ಲಿರಬೇಕು. ತುಟಿ ಎತ್ತಿ ಒಸಡನ್ನು ಒತ್ತಿ ಬಿಟ್ಟಳು. "ಕೆಂಪು ವಾಪಸ್ ಬರೋಕೆ ಎಷ್ಟು ಹೊತ್ತಾಯ್ತು? ನನಗೆ ಕಾಣಲ್ಲ, ನೀನು ಹೇಳು."

"ಮೂರು... ಇಲ್ಲ ಅಕ್ಕ, ನಾಲ್ಕು ಸೆಕೆಂಡು. ಬಣ್ಣ ಮಾಸಲಾಗಿದೆ. ತೇವ ಇಲ್ಲ, ಅಂಟಂಟು."

ಡಾಕ್ಟರಿಗೆ ಅವಳೇ ಫೋನ್ ಮಾಡಿದಳು. ಒಂದು ಮಾತೂ ತಪ್ಪಲಿಲ್ಲ. "ಡಾಕ್ಟ್ರೇ, ಮೊದಲು ಹೇಳಿದ್ದು ಸುಳ್ಳು. ನಿನ್ನೆ ರಾತ್ರಿಯಿಂದ ಲದ್ದಿ ಇಲ್ಲ. ಎರಡೂ ಪಕ್ಕ ಸದ್ದಿಲ್ಲ. ನಾಡಿ ಎಪ್ಪತ್ತೆರಡು. ಒಸಡು ಒಣಗಿದೆ. ನೀರು ಮುಟ್ಟಿಲ್ಲ. ಈಗ್ಲೇ ಹೊರಡಿ." ತಪ್ಪು ಅನ್ನಲಿಲ್ಲ, ಸುಳ್ಳು ಅಂದಳು. ನನಗೆ ಅದು ಕೆನ್ನೆಗೆ ಬಾರಿಸಿದ ಹಾಗೆ ಕೇಳಿಸಿತು.

ಕರು ಅಷ್ಟರಲ್ಲಿ ಹುಟ್ಟಿತ್ತು. ಡಾಕ್ಟರು ಹೊರಟರು. ಆ ಒಂದೂವರೆ ಗಂಟೆಯನ್ನು ಹೇಗೆ ಕಳೆದೆವೋ! ಚುಕ್ಕಿ ಎರಡು ಸಲ ನೆಲಕ್ಕೆ ಬಿದ್ದು ಹೊರಳಲು ನೋಡಿದಳು. ಇಬ್ಬರೂ ಸೇರಿ ಕೂಗಿ, ತಟ್ಟಿ, ದೂಡಿ ಎಬ್ಬಿಸಿದೆವು. ಎರಡನೆಯ ಸಲ ಅವಳ ಗೊರಸು ಅಕ್ಕನ ಮೊಣಕಾಲಿಗೆ ಬಡಿಯಿತು. ಅಕ್ಕ ಅಮ್ಮಾ ಅಂದವಳು ಮತ್ತೆ ಹಗ್ಗ ಹಿಡಿದಳು. "ಹೊರಳಿದರೆ ಕರುಳು ಸುತ್ತಿಕೊಳ್ಳುತ್ತೆ ಅಂತ ಮೇಸ್ತ್ರಿ ಹೇಳ್ತಿದ್ರು. ನಿಜವೋ ಸುಳ್ಳೋ, ನನಗೆ ಭಯ ಕಣೋ, ನನಗೆ ತುಂಬಾ ಭಯ ಆಗ್ತಿದೆ," ಅಂದಳು. ಅವಳ ಬಾಯಲ್ಲಿ ಆ ಮಾತನ್ನು ನಾನು ಯಾವತ್ತೂ ಕೇಳಿರಲಿಲ್ಲ. ಅಕ್ಕಾ ತಪ್ಪಾಯ್ತು ಅನ್ನಲು ಬಾಯಿ ತೆರೆದೆ. "ಈಗ ಬೇಡ," ಅಂದಳು.

ಡಾಕ್ಟರು ಬಂದವರೇ ಅಂಗಿಯ ತೋಳು ಮಡಚಿದರು. ಸೂಜಿ ಚುಚ್ಚಿ ಕುದುರೆಯನ್ನು ಶಾಂತ ಮಾಡಿದರು. ಉದ್ದ ಕೈಗವಸು ಹಾಕಿಕೊಂಡು ಹಿಂದಿನಿಂದ ಭುಜದವರೆಗೆ ಕೈ ತೂರಿಸಿ ಕಣ್ಣು ಮುಚ್ಚಿಕೊಂಡು ನಿಂತರು. ನಾವಿಬ್ಬರೂ ಅವರ ಮುಖವನ್ನೇ ನೋಡುತ್ತಿದ್ದೆವು.

"ದೊಡ್ಡ ಕರುಳಿನ ತಿರುವಿನಲ್ಲಿ ಮೇವು ಗಟ್ಟಿ ಕಟ್ಟಿಕೊಂಡಿದೆ," ಅಂದರು. "ಹಿಟ್ಟು ನಾದಿಟ್ಟ ಹಾಗಿದೆ. ಸುತ್ತಿಕೊಂಡಿಲ್ಲ, ಸದ್ಯ. ಆದರೆ ತಡವಾಗಿದೆ. ಹನ್ನೊಂದಕ್ಕೇ ಗೊತ್ತಾಗಿದ್ರೆ ಬೇರೆ ಯಾರನ್ನಾದ್ರೂ ಕಳಿಸ್ತಿದ್ದೆ, ಇಷ್ಟು ಒಣಗ್ತಿರಲಿಲ್ಲ. ದೊಡ್ಡಾಸ್ಪತ್ರೆ ಐದು ಗಂಟೆ ದಾರಿ, ಈ ಸ್ಥಿತೀಲಿ ಗಾಡಿ ಹತ್ತಿಸಿದ್ರೆ ತಲುಪುತ್ತೆ ಅಂತ ನಾನು ಹೇಳಲ್ಲ. ಇಲ್ಲೇ ನೋಡೋಣ."

ಮೂಗಿನಿಂದ ಹೊಟ್ಟೆಯವರೆಗೆ ಕೊಳವೆ ಇಳಿಸಿದರು. ಮೊದಲು ಹೊಟ್ಟೆಯಲ್ಲಿ ನಿಂತದ್ದೇನಾದರೂ ವಾಪಸು ಬರುತ್ತದೆಯೇ ನೋಡಿ, ಆಮೇಲೆ ಉಪ್ಪಿನ ನೀರು, ಎಣ್ಣೆ ಸುರಿದರು. ನಾನು ಬಕೆಟ್ಟು ಎತ್ತಿ ಹಿಡಿದಿದ್ದೆ. ಕತ್ತಿನ ನರಕ್ಕೂ ಸಲೈನ್ ಬಾಟಲಿ ಹಾಕಿದರು. ಅಕ್ಕ ಚುಕ್ಕಿಯ ತಲೆಯನ್ನು ತನ್ನ ಹೆಗಲ ಮೇಲೆ ಒರಗಿಸಿಕೊಂಡು ಅರ್ಧ ಗಂಟೆಗೊಮ್ಮೆ ನಾಡಿ ಎಣಿಸಿದಳು. ಎಪ್ಪತ್ತು. ಎಪ್ಪತ್ತಾರು. ಆಗ ಡಾಕ್ಟರು ಹೊರಗೆ ಹೋಗಿ ನಿಂತರು. ಆ ಎಪ್ಪತ್ತಾರನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಅರವತ್ತೆಂಟು. ಅರವತ್ತು.

ಐದೂವರೆಗೆ ಅಕ್ಕ ಪಕ್ಕೆಗೆ ಕಿವಿ ಹಚ್ಚಿದವಳು ಕೈ ಎತ್ತಿದಳು. ಯಾರೂ ಅಲುಗಾಡಬೇಡಿ ಅನ್ನುವ ಹಾಗೆ. "ಗುಳುಕ್ ಅಂತು," ಅಂದಳು. "ಡಾಕ್ಟ್ರೇ, ಗುಳುಕ್ ಅಂತು!" ಆರೂಕಾಲಿಗೆ ಚುಕ್ಕಿ ಬಾಲ ಎತ್ತಿ ಲದ್ದಿ ಹಾಕಿದಳು. ಲೋಳೆ ಹತ್ತಿದ, ಕಲ್ಲಿನಂಥ ನಾಲ್ಕು ಉಂಡೆ. ನಾನು ಅಲ್ಲೇ ಕುಸಿದು ಮಕ್ಕಳ ಹಾಗೆ ಅತ್ತೆ. ನಾಚಿಕೆಯೇನೂ ಆಗಲಿಲ್ಲ.

ಡಾಕ್ಟರು ಇನ್ನೆರಡು ದಿನ ಏನು ಕೊಡಬೇಕು, ಏನು ಕೊಡಬಾರದು ಅಂತ ಹೇಳಿ, ಕೈ ತೊಳೆದುಕೊಂಡು ಹೊರಟರು. ಅಕ್ಕ ಕನ್ನಡಕ ತೆಗೆದು ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತಳು. ಊದಿದ ಮೊಣಕಾಲಿಗೆ ಒದ್ದೆ ಬಟ್ಟೆ ಸುತ್ತಿಕೊಂಡಿದ್ದಳು. ಈಗ ಬೈಯುತ್ತಾಳೆ ಅಂತ ಕಾದೆ. ಬೈದರೆ ಸಾಕಿತ್ತು ಅನಿಸಿತ್ತು.

"ನಾಳೆಯಿಂದ ನೀನು ಮೇವಿನ ಕೋಣೆ ನೋಡ್ಕೋ," ಅಂದಳು. "ಮೂಟೆ ಇಳಿಸು, ಹುಲ್ಲು ಕತ್ತರಿಸು, ಬಾಗಿಲವರೆಗೂ ತಂದಿಡು. ಕುದುರೆ ಮೈಮೇಲೆ ಕೈ ಇಡಬೇಡ."

"ಅಕ್ಕಾ... ಅಜ್ಜನನ್ನ ಅಲ್ಲಿ ನಿಲ್ಲಿಸಿದ್ದು ಮರೆತುಹೋಯ್ತು. ನಾನೇನು ಬೇಕು ಅಂತ ಮಾಡಿದ್ದಾ?"

"ಮರೆತಿದ್ದಕ್ಕಲ್ಲ. ಮರೆವು ನನಗಿಲ್ವಾ? ನಾನು ಮುಖಕ್ಕೆ ಮುಖ ಕೊಟ್ಟು ಕೇಳಿದೆ. ಡಾಕ್ಟ್ರು ಕೇಳಿದ್ರು. ಗೊತ್ತಿಲ್ಲ ಅಂದಿದ್ರೆ ಅವರು ಹನ್ನೊಂದಕ್ಕೇ ಯಾರನ್ನಾದ್ರೂ ಕಳಿಸ್ತಿದ್ರು." ಅವಳು ಕಣ್ಣು ಒರೆಸಿಕೊಂಡಳು, ಔಷಧಿಗೋ ಯಾತಕ್ಕೋ. "ಅವಕ್ಕೆ ಬಾಯಿಲ್ಲ ಕಣೋ. ಅವುಗಳ ಪರವಾಗಿ ನಾವು ಹೇಳೋದನ್ನೇ ಅವರು ನಂಬ್ತಾರೆ. ನೀನು ಹೇಳಿದ್ದನ್ನ ಇನ್ಮೇಲೆ ನಾನು ನಂಬಲ್ಲ. ನಂಬದೆ ನಿನ್ನ ಕೈಗೆ ಹೇಗೆ ಕೊಡ್ಲಿ?"

ನಾನು ಕೂಗಾಡಿದೆ. ಕೆಲಸ ಬಿಡುತ್ತೇನೆ ಅಂದೆ. "ಬಿಡಬೇಡ. ಮನೇಲಿ ನೀನು ನನ್ನ ತಮ್ಮ. ಊಟಕ್ಕೆ ಬಾ," ಅಂದು ಕುಂಟುತ್ತ ಎದ್ದು ಹೋದಳು.

ಬಿಡಲಿಲ್ಲ. ಒಂಬತ್ತು ವರ್ಷವಾಯಿತು. ಅಕ್ಕನ ಮನೆಯಲ್ಲಿ ಉಣ್ಣುತ್ತೇನೆ, ಭಾವನ ತಮಾಷೆಗೆ ನಗುತ್ತೇನೆ, ಅಕ್ಕನ ಮಗಳ ಮದುವೆಯಲ್ಲಿ ಎಲ್ಲರಿಗಿಂತ ಹೆಚ್ಚು ಓಡಾಡಿದವನೂ ನಾನೇ. ಲಾಯದ ವಿಷಯಕ್ಕೆ ಮಾತ್ರ ಅವಳು ಬಗ್ಗಿಲ್ಲ. ಮೊದಮೊದಲು ಅವಳ ಮೇಲೆ ಉರಿದುಬೀಳುತ್ತಿದ್ದೆ. ಈಗ ಯೋಚಿಸಿದರೆ, ಅವಳ ಜಾಗದಲ್ಲಿದ್ದರೆ ನಾನೂ ನನ್ನಂಥವನ ಕೈಗೆ ಹಗ್ಗ ಕೊಡುತ್ತಿರಲಿಲ್ಲ.

ಚುಕ್ಕಿಗೆ ಇದೆಲ್ಲ ಎಲ್ಲಿ ಗೊತ್ತಾಗಬೇಕು? ಬೆಳಿಗ್ಗೆ ನಾನು ಹುಲ್ಲಿನ ಹೊರೆ ತಂದು ಬಾಗಿಲ ಬಳಿ ಇಳಿಸಿದರೆ, ಮುದುಕಿ ಇವತ್ತಿಗೂ ಕತ್ತು ಚಾಚಿ ನನ್ನ ಎದೆಗೆ ಮೂತಿ ಉಜ್ಜುತ್ತಾಳೆ. ಅಕ್ಕ ಒಳಗೆಲ್ಲೋ ಕೆಲಸದಲ್ಲಿರುತ್ತಾಳೆ, ನೋಡುವವರು ಯಾರೂ ಇರುವುದಿಲ್ಲ. ನಾನು ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಂಡು, ಅವಳಿಗೆ ಸಾಕಾಗುವವರೆಗೂ ಹಾಗೇ ನಿಂತಿರುತ್ತೇನೆ.